ಹಗುರ ಕಾರಿಗೆ ಎಷ್ಟು ತಿರುಪು?

ಇಂಗ್ಲೆಂಡಿನ ಪೂರ್ವ ಅಂಚಿನಲ್ಲಿ ನಾರ್ಫೋಕ್ ಎಂಬ ಸೀಮೆ. ಹೇಳಿಕೊಳ್ಳುವಂಥ ಬೆಟ್ಟಗುಡ್ಡವಿಲ್ಲ. ಹೊಲಗಳ ನಡುವೆ ಸುತ್ತಿ ಸುಳಿದು ಹೋಗುವ ಸಣ್ಣ ಡಾಂಬರು ರಸ್ತೆಗಳು, ಎರಡೂ ಬದಿಗೆ ಆಳೆತ್ತರದ ಬೇಲಿ. ಸಕ್ಕರೆ ಬೀಟ್ ಹೊತ್ತ ಟ್ರ್ಯಾಕ್ಟರುಗಳು ಓಡಾಡಿ ರಸ್ತೆಯ ಅಂಚು ಕುಸಿದಿದೆ, ತೇಪೆಯ ಮೇಲೆ ತೇಪೆ ಬಿದ್ದಿದೆ. ಅಂಥ ರಸ್ತೆಯಲ್ಲಿ ಎದೆಯೆತ್ತರಕ್ಕೂ ಬಾರದ ಎರಡು ಸೀಟಿನ ಕಾರೊಂದು ಬೇಲಿಯ ಮರೆಯಿಂದ ಹೊರಬರುತ್ತದೆ. ಚಕ್ರಗಳನ್ನಷ್ಟೇ ನೋಡಿದರೆ ಒಂದು ಕ್ಷಣವೂ ಸುಮ್ಮನಿಲ್ಲ, ಮೇಲೆ ಕೆಳಗೆ ಪಟಪಟನೆ ಕುಣಿಯುತ್ತಿವೆ. ಮೈ ನೋಡಿದರೆ ಕೆಳಗಿನ ಗಲಾಟೆಯ ಸುದ್ದಿಯೇ ಅದಕ್ಕೆ ಮುಟ್ಟಿದಂತಿಲ್ಲ. ಓಡಿಸುವವರ ತಲೆ ಅಲುಗದೆ ಮುಂದಿನ ತಿರುವಿನ ಕಡೆ ನೆಟ್ಟಿದೆ.

ಆ ಕಾರು ಲೋಟಸ್ ಎಲೀಸ್. ಅದು ಹುಟ್ಟಿದ್ದು ಅದೇ ಸೀಮೆಯ ಹೆಥೆಲ್‌ನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಾಯುನೆಲೆಯೊಂದರ ಜಾಗದಲ್ಲಿರುವ ಕಾರ್ಖಾನೆಯಲ್ಲಿ. 1995ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡು, 1996ರಿಂದ ರಸ್ತೆಗಿಳಿದು, 2021ರಲ್ಲಿ ತಯಾರಿಕೆ ನಿಲ್ಲುವವರೆಗೆ ಅದರ ಹೆಚ್ಚುಗಾರಿಕೆ ಎಂಜಿನ್ ಆಗಿರಲಿಲ್ಲ. ಮೊದಲ ಎಲೀಸ್‌ನದು ರೋವರ್ ಕಂಪನಿಯ 1.8 ಲೀಟರಿನ ಸಾಮಾನ್ಯ ಎಂಜಿನ್, 118 ಅಶ್ವಶಕ್ತಿ. ಹೆಚ್ಚುಗಾರಿಕೆ ಇದ್ದದ್ದು ತೂಕದಲ್ಲಿ. ಅಲ್ಯೂಮಿನಿಯಂ ಪಟ್ಟಿಗಳನ್ನು ಅಂಟು ಹಾಕಿ ಕೂಡಿಸಿದ ಚಾಸಿ, ಮೇಲೆ ಫೈಬರ್ ಮೈ, ಎಲ್ಲ ಸೇರಿ ಸುಮಾರು 725 ಕಿಲೊ. ನಮ್ಮ ಹಳೆಯ ಮಾರುತಿ 800ರ ತೂಕ 650 ಕಿಲೊ ಆಸುಪಾಸು ಎಂಬುದನ್ನು ನೆನೆದರೆ ಅಂದಾಜು ಸಿಗುತ್ತದೆ.

ಇಷ್ಟು ಹದವಾಗಿ ಓಡುವ ಕಾರು ಕೈಗೆ ಬಂದ ಮೇಲೂ, ಅನೇಕ ಮಾಲೀಕರು ಮೊದಲು ಬದಲಿಸಲು ಹೊರಡುವುದು ಅದರ ಡ್ಯಾಂಪರ್‌ಗಳನ್ನೇ, ಅಂದರೆ ಶಾಕಬ್ಸರ್‌ಗಳನ್ನೇ. ಕೆಲವರಿಗೆ ಕಾರಣ ನ್ಯಾಯವಾದದ್ದು: ಇಪ್ಪತ್ತು ವರ್ಷದ ಹಿಂದಿನ ಡ್ಯಾಂಪರ್ ಸವೆದು ಹೋಗಿದೆ, ಅಥವಾ ಭಾನುವಾರ ರೇಸ್ ಟ್ರ್ಯಾಕ್‌ಗೆ ಹೋಗುವ ಚಟ ಹತ್ತಿದೆ. ಇನ್ನು ಕೆಲವರನ್ನು ಸೆಳೆಯುವುದು ಡ್ಯಾಂಪರ್ ತಯಾರಕರಾದ ಓಲಿನ್ಸ್‌ನ ಚಿನ್ನದ ಬಣ್ಣ, ನೈಟ್ರಾನ್‌ನ ನವಿಲುನೀಲಿ, ಮತ್ತು ಬಿಗಿ ಸಡಿಲ ಹೊಂದಿಸಲು ತುದಿಯಲ್ಲಿ ಕಟಕಟ ಎಂದು ತಿರುಗುವ ಆ ಪುಟ್ಟ ತಿರುಪುಗಳು. ಎಷ್ಟು ತಿರುಪು ಇದ್ದರೆ ಒಳ್ಳೆಯದು ಎಂಬ ಪ್ರಶ್ನೆಯಿಂದಲೇ ಬಹುಪಾಲು ಖರೀದಿ ಶುರುವಾಗುತ್ತದೆ, ಮತ್ತು ಅಲ್ಲಿಯೇ ಹಳಿ ತಪ್ಪುತ್ತದೆ.

ಹೊರುವುದು ಒಂದು, ತಡೆಯುವುದು ಇನ್ನೊಂದು

‘ಶಾಕಬ್ಸರ್ ಹೋಗಿದೆ ಸಾರ್’ ಎಂಬ ಮಾತನ್ನು ಗ್ಯಾರೇಜಿನಲ್ಲಿ ಕೇಳದ ಕಾರಿನ ಮಾಲೀಕರಿಲ್ಲ. ನಿಜಕ್ಕೂ ಹೋಗಿರುವುದೇನು? ಚಕ್ರ ಗುಂಡಿಗೆ ಬಿದ್ದಾಗ ಪೆಟ್ಟನ್ನು ಮೊದಲು ಹೊರುವುದು ಸ್ಪ್ರಿಂಗ್. ಅದು ಕುಗ್ಗಿ ಆ ಶಕ್ತಿಯನ್ನು ಒಳಗಿಟ್ಟುಕೊಳ್ಳುತ್ತದೆ, ಮರುಕ್ಷಣ ಹೆಚ್ಚುಕಡಿಮೆ ಅಷ್ಟನ್ನೂ ವಾಪಸು ಚಿಮ್ಮಿಸುತ್ತದೆ. ತಡೆಯುವವರಿಲ್ಲದಿದ್ದರೆ ಒಂದು ಗುಂಡಿಗೆ ಕಾರು ಹಲವು ಸಲ ತೂಗಾಡುತ್ತದೆ. ಆ ತೂಗಾಟವನ್ನು ಅಡಗಿಸುವುದು ಡ್ಯಾಂಪರ್.

ಅದರೊಳಗೆ ಇರುವುದು ಆಯಿಲ್ ತುಂಬಿದ ಕೊಳವೆ, ಅದರಲ್ಲಿ ಆಡುವ ಪಿಸ್ಟನ್. ಪಿಸ್ಟನ್‌ನಲ್ಲಿ ಸಣ್ಣ ರಂಧ್ರಗಳು, ಅವುಗಳ ಮೇಲೆ ಕಾಗದದಷ್ಟು ತೆಳುವಾದ ಉಕ್ಕಿನ ಬಿಲ್ಲೆಗಳು. ಆಯಿಲ್ ಈ ಬಿಲ್ಲೆಗಳನ್ನು ಬಾಗಿಸಿಕೊಂಡು ಅತ್ತಿಂದಿತ್ತ ಹೋಗಬೇಕು. ನೀರು ತುಂಬಿದ ಸಿರಿಂಜನ್ನು ಮೆಲ್ಲಗೆ ಒತ್ತಿದರೆ ಸಲೀಸಾಗಿ ಹೋಗುತ್ತದೆ, ಜೋರಾಗಿ ಒತ್ತಿದರೆ ಬೆರಳಿಗೆ ಎದುರು ಬೀಳುತ್ತದೆ. ಡ್ಯಾಂಪರ್‌ನ ಗುಟ್ಟೂ ಇಷ್ಟೇ. ಎಷ್ಟು ದೂರ ಚಲಿಸಿತು ಎಂಬುದನ್ನು ಅದು ಲೆಕ್ಕಕ್ಕಿಡುವುದಿಲ್ಲ, ಎಷ್ಟು ಬೇಗ ಚಲಿಸಿತು ಎಂಬುದಕ್ಕೆ ಎದುರಾಡುತ್ತದೆ. ಹೀಗೆ ತಡೆದ ಶಕ್ತಿಯೆಲ್ಲ ಬಿಸಿಯಾಗಿ ಹೊರಹೋಗುತ್ತದೆ. ಕೆಟ್ಟ ರಸ್ತೆಯಲ್ಲಿ ಒಂದು ಗಂಟೆ ಓಡಿಸಿ ಡ್ಯಾಂಪರ್ ಮುಟ್ಟಿದರೆ ಕೈಗೆ ಗೊತ್ತಾಗುತ್ತದೆ.

ಚಕ್ರ ಮೇಲೇರುವಾಗಿನ ತಡೆಗೆ ಬಂಪ್, ಕೆಳಗಿಳಿಯುವಾಗಿನ ತಡೆಗೆ ರಿಬೌಂಡ್. ರಸ್ತೆ ಕಾರುಗಳಲ್ಲಿ ರಿಬೌಂಡ್ ತಡೆ ಬಂಪ್‌ಗಿಂತ ಜಾಸ್ತಿ ಇರುವುದು ವಾಡಿಕೆ. ಮೇಲೇರುವ ಚಕ್ರಕ್ಕೆ ಎದುರು ನಿಲ್ಲಲು ಸ್ಪ್ರಿಂಗ್ ಜೊತೆಗಿರುತ್ತದೆ, ಆದರೆ ವಾಪಸು ಚಿಮ್ಮುವ ಸ್ಪ್ರಿಂಗನ್ನು ಡ್ಯಾಂಪರ್ ಒಂಟಿಯಾಗಿ ಹಿಡಿಯಬೇಕು.

ಕುದುರೆ ಜೀನಿನಿಂದ ನೈಟ್ರೋಜನ್‌ಗೆ

ಫೋರ್ಡ್ ಮಾಡೆಲ್ ಟಿ ಡ್ಯಾಂಪರ್ ಇಲ್ಲದೆಯೇ ಕಾರ್ಖಾನೆಯಿಂದ ಹೊರಬರುತ್ತಿತ್ತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಟ್ರುಫೋ, ಅಮೆರಿಕದ ಹಾರ್ಟ್‌ಫರ್ಡ್ ಹೆಸರಿನಲ್ಲಿ ಬಂದವು ಬರೀ ಘರ್ಷಣೆಯಿಂದ ತಡೆಯುವ ಬಿಲ್ಲೆಗಳು. ಆಯಿಲ್ ಬಂದದ್ದು ಆಮೇಲೆ.

ಇಂದು ಕೇಳಿಬರುವ ಹೆಸರುಗಳ ಪೂರ್ವಾಶ್ರಮ ಸ್ವಾರಸ್ಯವಾಗಿದೆ. ನೆದರ್‌ಲೆಂಡ್ಸ್‌ನ ಕೋನಿ 1857ರಲ್ಲಿ ಶುರುವಾದದ್ದು ಕುದುರೆಗಳ ಜೀನು, ಪಟ್ಟಿ ಹೊಲಿಯುವ ಅಂಗಡಿಯಾಗಿ; ಡ್ಯಾಂಪರ್‌ಗೆ ಕೈ ಹಾಕಿದ್ದು 1932ರಲ್ಲಿ. ಜರ್ಮನಿಯ ಬಿಲ್‌ಸ್ಟೈನ್ ಮೊದಲು ಮಾಡುತ್ತಿದ್ದದ್ದು ಕಿಟಕಿಯ ಕೊಂಡಿ, ಚಿಲಕ. ಫ್ರೆಂಚ್ ಎಂಜಿನಿಯರ್ ದ ಕಾರ್ಬೋನ್ ಕಂಡುಹಿಡಿದ ಒಂದೇ ಕೊಳವೆಯ ಗ್ಯಾಸ್ ಡ್ಯಾಂಪರನ್ನು ಅದು 1950ರ ದಶಕದಲ್ಲಿ ಮರ್ಸಿಡಿಸ್‌ಗೆ ತಲುಪಿಸಿತು. ಸ್ವೀಡನ್ನಿನ ಓಲಿನ್ಸ್ ಹುಟ್ಟಿದ್ದು 1976ರಲ್ಲಿ, ಮೋಟೋಕ್ರಾಸ್ ಬೈಕುಗಳಿಗಾಗಿ. ಎರಡೇ ವರ್ಷಕ್ಕೆ ಅದರ ಡ್ಯಾಂಪರ್ ಹಾಕಿದ ಬೈಕು ವಿಶ್ವ ಚಾಂಪಿಯನ್ ಆಯಿತು.

ದ ಕಾರ್ಬೋನ್‌ನ ಆ ಒಂದು ಕೊಳವೆಯ ವಿಷಯ ತಿಳಿದಿರಬೇಕು. ಸಾಮಾನ್ಯ ಕಾರುಗಳಲ್ಲಿ ಒಂದರೊಳಗೊಂದು ಎರಡು ಕೊಳವೆ ಇರುತ್ತದೆ. ಸತತ ಪೆಟ್ಟಿಗೆ ಅಲ್ಲಿ ಆಯಿಲ್ ನೊರೆಯೆದ್ದು ಹಿಡಿತ ಸಡಿಲವಾಗುವುದುಂಟು. ಒಂದೇ ಕೊಳವೆಯದರಲ್ಲಿ ತೇಲುವ ಇನ್ನೊಂದು ಪಿಸ್ಟನ್‌ನ ಆಚೆ ನೈಟ್ರೋಜನ್ ಗ್ಯಾಸನ್ನು ಬಿಗಿಯಾಗಿ ತುಂಬಿರುತ್ತಾರೆ. ಆ ಒತ್ತಡ ನೊರೆ ಏಳಲು ಬಿಡುವುದಿಲ್ಲ, ಬಿಸಿಯೂ ನೇರವಾಗಿ ಹೊರಗಾಳಿಗೆ ಹೋಗುತ್ತದೆ. ಟ್ರ್ಯಾಕ್‌ಗೆ ಹೋಗುವವರು ಕೊಳ್ಳುವ ದುಬಾರಿ ಡ್ಯಾಂಪರ್‌ಗಳಲ್ಲಿ ಬಹುಪಾಲು ಈ ಜಾತಿಯವು.

ತೂಕ ಇಳಿದಾಗ ಲೆಕ್ಕ ಬಿಗಿಯಾಗುತ್ತದೆ

ಕಾರು ಹಗುರವಾದರೆ ಡ್ಯಾಂಪರ್ ಕೆಲಸವೂ ಹಗುರ ಎಂದು ತೋರುತ್ತದೆ. ಅರ್ಧ ಮಾತ್ರ ನಿಜ. ತೂಕ ಅರ್ಧವಾಗಿ, ಸ್ಪ್ರಿಂಗೂ ಅದಕ್ಕೆ ತಕ್ಕಂತೆ ಅರ್ಧ ಮೆದುವಾದರೆ, ಬೇಕಾದ ತಡೆಯೂ ಅರ್ಧಕ್ಕಿಳಿಯುತ್ತದೆ. ಆದರೆ ಡ್ಯಾಂಪರ್‌ನ ರಾಡನ್ನು ಸುತ್ತಿ ಹಿಡಿದ ರಬ್ಬರ್ ಸೀಲ್‌ನ ಘರ್ಷಣೆ ಹಾಗೆಯೇ ಉಳಿಯುತ್ತದೆ. ಒಂದೂವರೆ ಟನ್ನಿನ ಎಸ್‌ಯುವಿಯಲ್ಲಿ ಗಮನಕ್ಕೇ ಬಾರದ ಈ ಘರ್ಷಣೆ, ಎಲೀಸ್‌ನ ಮುಂದಿನ ಚಕ್ರದಲ್ಲಿ ಸಣ್ಣ ಏರುತಗ್ಗುಗಳನ್ನೆಲ್ಲ ಕುರ್ಚಿಗೆ ದಾಟಿಸಿಬಿಡುತ್ತದೆ. ಡ್ಯಾಂಪರ್ ಅಲುಗಲು ಶುರು ಮಾಡುವ ಮೊದಲೇ ಕಾರು ಅಲುಗಿರುತ್ತದೆ. ಅಗ್ಗದ ಡ್ಯಾಂಪರ್‌ಗೂ ಒಳ್ಳೆಯದಕ್ಕೂ ಹಗುರ ಕಾರಿನಲ್ಲಿ ಮೊದಲು ಕಾಣುವ ವ್ಯತ್ಯಾಸ ಇದು, ಮತ್ತು ಇದಕ್ಕೆ ತಿರುಗಿಸುವ ತಿರುಪು ಯಾವುದೂ ಇಲ್ಲ.

ಗ್ಯಾಸಿನ ಒತ್ತಡದ್ದೂ ಇದೇ ಕತೆ. 20 ಬಾರ್ ಒತ್ತಡ, 14 ಮಿಲಿಮೀಟರ್ ದಪ್ಪದ ರಾಡ್ ಎಂದಿಟ್ಟುಕೊಂಡು ಲೆಕ್ಕ ಹಾಕಿ ನೋಡಿ: ಗ್ಯಾಸೊಂದೇ ಆ ರಾಡನ್ನು 30 ಕಿಲೊಗೂ ಮಿಗಿಲಾದ ಬಲದಿಂದ ಹೊರಕ್ಕೆ ತಳ್ಳುತ್ತಿರುತ್ತದೆ. ಎಲೀಸ್‌ನಲ್ಲಿ ಎಂಜಿನ್ ಹಿಂದಿದೆ, ತೂಕದ ಐದರಲ್ಲಿ ಮೂರು ಪಾಲು ಹಿಂದಿನ ಚಕ್ರಗಳದ್ದೇ. ಮುಂದಿನ ಒಂದೊಂದು ಚಕ್ರದ ಪಾಲಿಗೆ ಬರುವುದು ಸುಮಾರು 145 ಕಿಲೊ ಮಾತ್ರ. ಅಂಥ ಕಡೆ 30 ಕಿಲೊ ಸಣ್ಣ ಸಂಗತಿಯಲ್ಲ. ಹಗುರ ಕಾರನ್ನು ಬಲ್ಲ ತಯಾರಕರು ಒತ್ತಡವನ್ನೂ ರಾಡ್‌ನ ದಪ್ಪವನ್ನೂ ಇದನ್ನು ನೋಡಿಯೇ ಆರಿಸುತ್ತಾರೆ.

ಇನ್ನೊಂದು ತೊಡಕು ಚಕ್ರದ್ದೇ. ಟೈರು, ರಿಮ್ಮು, ಬ್ರೇಕ್ ಡಿಸ್ಕು, ಹಬ್ಬು ಎಲ್ಲ ಸೇರಿದರೆ ಚಿಕ್ಕ ಕಾರಿನಲ್ಲೂ ಒಂದೊಂದು ಮೂಲೆಗೆ 25–30 ಕಿಲೊ ಸುಲಭವಾಗಿ ಆಗುತ್ತದೆ. ಭಾರದ ಕಾರಿನಲ್ಲಿ ಕೆಳಗೆ ಕುಣಿಯುವ ಚಕ್ರವನ್ನು ಮೇಲಿನ ಮೈಯ ತೂಕವೇ ಅದುಮಿ ಹಿಡಿಯುತ್ತದೆ. ಹಗುರ ಕಾರಿಗೆ ಆ ಅನುಕೂಲವಿಲ್ಲ. ಜೊತೆಗೊಬ್ಬರು ಹತ್ತಿ ಕೂತರೂ ಲೆಕ್ಕ ಬದಲಾಗುತ್ತದೆ: 75 ಕಿಲೊ ತೂಗುವ ಇಬ್ಬರು ಕೂತರೆ 725 ಕಿಲೊ ಕಾರಿನ ತೂಕ ಐದನೇ ಒಂದರಷ್ಟು ಏರಿತು.

ಲೋಟಸ್‌ನವರ ಹಳೆಯ ಉತ್ತರ ಮೆದು ಸ್ಪ್ರಿಂಗು, ಅಳೆದು ತೂಗಿ ಹದ ಮಾಡಿದ ಡ್ಯಾಂಪರ್. 1962ರ ಎಲಾನ್‌ನಿಂದಲೂ ಇದೇ ಪಾಠ. ಬೇರೆ ಕಂಪನಿಗಳು ತಮ್ಮ ಕಾರಿನ ಹದ ಮಾಡಿಸಿಕೊಳ್ಳಲು ಹೆಥೆಲ್‌ಗೆ ಬರುತ್ತಿದ್ದವು. ಜಪಾನಿನ ಇಸುಜು ತನ್ನ ಕಾರುಗಳ ಮೇಲೆ ಲೋಟಸ್ ಹೆಸರಿನ ಬಿಲ್ಲೆಯನ್ನೇ ಅಂಟಿಸಿತ್ತು. ಸ್ಪ್ರಿಂಗಿನ ಕೆಲಸವನ್ನು ಕಂಪ್ಯೂಟರಿಗೆ ವಹಿಸಿದ ಕಾರಿನಲ್ಲಿ 1987ರ ಮೊನಾಕೊ ಗ್ರ್ಯಾನ್ ಪ್ರಿ ಗೆದ್ದದ್ದೂ ಲೋಟಸ್ ತಂಡವೇ, ಓಡಿಸಿದವರು ಐರ್ಟನ್ ಸೆನ್ನಾ. ಅಷ್ಟೆಲ್ಲ ಬಲ್ಲವರು ಮೊದಲ ಎಲೀಸ್‌ಗೆ ಹಾಕಿದ್ದು ತಿರುಪೇ ಇಲ್ಲದ ಸಾದಾ ಡ್ಯಾಂಪರ್. 2000ದಲ್ಲಿ ಬಂದ ಎರಡನೇ ಎಲೀಸ್‌ಗೆ ಬಿಲ್‌ಸ್ಟೈನ್ ಡ್ಯಾಂಪರ್, ಐಬಾಕ್ ಸ್ಪ್ರಿಂಗ್. ಬದಲಿಸಲು ಹೊರಟವರು ಈ ಸಂಗತಿಯನ್ನು ಸ್ವಲ್ಪ ಹೊತ್ತು ಯೋಚಿಸುವುದು ಒಳ್ಳೆಯದು.

ತಿರುಪು ತಿರುಗಿಸಿದರೆ ಒಳಗೆ ಆಗುವುದೇನು

ಒಂದೇ ತಿರುಪಿನ ಡ್ಯಾಂಪರ್‌ನಲ್ಲಿ ತಯಾರಕರನ್ನು ಅನುಸರಿಸಿ ಎರಡು ಬಗೆ. ಕೋನಿಯ ಹಳದಿ ಡ್ಯಾಂಪರ್‌ನಲ್ಲಿ ತಿರುಗಿಸಿದಾಗ ಬದಲಾಗುವುದು ರಿಬೌಂಡ್ ಮಾತ್ರ. ಅದರ ಕೆಲವು ಮಾದರಿಗಳನ್ನು ಕಾರಿನಿಂದ ಬಿಚ್ಚಿ, ಪೂರ್ತಿ ಒತ್ತಿ ಹಿಡಿದು ತಿರುಗಿಸಬೇಕು; ಅಂಥದ್ದನ್ನು ಯಾರೂ ಸುಮ್ಮಸುಮ್ಮನೆ ಮುಟ್ಟುವುದಿಲ್ಲ, ಅದೂ ಒಂದು ಗುಣವೇ. ಬೇರೆ ಕೆಲವು ತಯಾರಕರ ಒಂದು ತಿರುಪು ಬಂಪ್, ರಿಬೌಂಡ್ ಎರಡನ್ನೂ ಒಟ್ಟಿಗೆ ಏರಿಸಿ ಇಳಿಸುತ್ತದೆ. ಎರಡು ತಿರುಪಿನದರಲ್ಲಿ ಅವು ಬೇರೆ ಬೇರೆ.

ಮೂರನೆಯದು ಬಂದಾಗ ಗೊಂದಲ ಶುರು. ಅಲ್ಲಿ ಬಂಪ್ ತಡೆಯನ್ನು ‘ಲೋ ಸ್ಪೀಡ್’, ‘ಹೈ ಸ್ಪೀಡ್’ ಎಂದು ಎರಡಾಗಿ ಸೀಳಿರುತ್ತಾರೆ. ಊರೊಳಗೆ ಓಡಿಸಲು ಒಂದು, ಹೆದ್ದಾರಿಗೆ ಇನ್ನೊಂದು ಎಂದುಕೊಳ್ಳುವವರೇ ಹೆಚ್ಚು. ಇಲ್ಲಿ ಹೇಳುತ್ತಿರುವುದು ಕಾರಿನ ವೇಗವಲ್ಲ, ಡ್ಯಾಂಪರ್‌ನ ರಾಡ್ ಒಳಗೆ ಹೋಗುವ ವೇಗ. ತಿರುವಿನಲ್ಲಿ ಕಾರು ವಾಲುವುದು, ಬ್ರೇಕ್ ಒತ್ತಿದಾಗ ಮೂಗು ತಗ್ಗಿಸುವುದು ನಿಧಾನದ ಚಲನೆ. ಸೆಕೆಂಡಿಗೆ ಕೆಲವೇ ಸೆಂಟಿಮೀಟರ್. ಗುಂಡಿಯ ಅಂಚು, ಟ್ರ್ಯಾಕಿನ ಅಂಚುಗಟ್ಟೆ ಚಕ್ರಕ್ಕೆ ಬಡಿದಾಗ ಅದೇ ರಾಡ್ ಹತ್ತಾರು ಪಟ್ಟು ವೇಗದಲ್ಲಿ ಚಲಿಸುತ್ತದೆ. 30 ಕಿಲೊಮೀಟರ್ ವೇಗದಲ್ಲಿ ಹಂಪ್ ಹಾರಿಸಿದರೆ ಅದು ‘ಹೈ ಸ್ಪೀಡ್’. 150ರಲ್ಲಿ ಉದ್ದನೆಯ ನಯವಾದ ತಿರುವು ತೆಗೆದುಕೊಂಡರೆ ‘ಲೋ ಸ್ಪೀಡ್’. ಇದು ಅರ್ಥವಾದರೆ ಮೂರು ತಿರುಪಿನ ಉಪಯೋಗವೂ ಅರ್ಥವಾಗುತ್ತದೆ: ವಾಲುವಿಕೆಯನ್ನು ಬಿಗಿ ಹಿಡಿದು, ಗುಂಡಿಯ ಪೆಟ್ಟನ್ನು ಮಾತ್ರ ಮೆತ್ತಗೆ ದಾಟಿಸಬಹುದು.

ಮೂರು ತಿರುಪು, ಒಂದೊಂದಕ್ಕೂ 24 ಕ್ಲಿಕ್ ಎಂದಿಟ್ಟುಕೊಳ್ಳಿ. ಒಂದು ಡ್ಯಾಂಪರ್‌ಗೆ 13,824 ಬಗೆಯ ಹೊಂದಾಣಿಕೆ. ಮುಂದಿನದು, ಹಿಂದಿನದು ಬೇರೆ ಬೇರೆ ಇಡುವುದಾದರೆ 19 ಕೋಟಿ ದಾಟುತ್ತದೆ. ಅವುಗಳಲ್ಲಿ ಬಹುಪಾಲು ತಪ್ಪು. ರೇಸ್ ತಂಡಕ್ಕೆ ದತ್ತಾಂಶ ಓದುವ ಎಂಜಿನಿಯರ್ ಇರುತ್ತಾರೆ, ಒಂದೇ ಟ್ರ್ಯಾಕಿನಲ್ಲಿ ಸುತ್ತು ಹಾಕುತ್ತಲೇ ಇರುವ ಡ್ರೈವರ್ ಇರುತ್ತಾರೆ. ಲೋಟಸ್ಸೇ ತನ್ನ ಎಕ್ಸೀಜ್ ಕಪ್ 430ಗೆ ನೈಟ್ರಾನ್‌ನ ಮೂರು ತಿರುಪಿನ ಡ್ಯಾಂಪರ್ ಹಾಕಿ ಮಾರಿತು, ಆದರೆ ಅದು ಟ್ರ್ಯಾಕನ್ನೇ ಕಣ್ಣಮುಂದಿಟ್ಟುಕೊಂಡು ಕಟ್ಟಿದ ಕಾರು. ವಾರಾಂತ್ಯದಲ್ಲಿ ಘಾಟಿ ರಸ್ತೆಗೂ, ವರ್ಷಕ್ಕೆ ಕೆಲವು ಸಲ ಟ್ರ್ಯಾಕಿಗೂ ಹೋಗುವವರಿಗೆ ಒಂದು ತಿರುಪಿನ ಒಳ್ಳೆಯ ಡ್ಯಾಂಪರ್, ಹೆಚ್ಚೆಂದರೆ ಎರಡು ತಿರುಪಿನದು, ಧಾರಾಳವಾಗಿ ಸಾಕು. ಅದೇ ದುಡ್ಡಿಗೆ ಮೂರು ತಿರುಪಿನ ಅಗ್ಗದ ಸೆಟ್ ಸಿಗುತ್ತದೆ ಎಂದರೆ ಉಳಿತಾಯ ಮಾಡಿರುವುದು ಒಳಗಿನ ಬಿಲ್ಲೆ, ಸೀಲ್‌ಗಳಲ್ಲಿ ಎಂದೇ ತಿಳಿಯಬೇಕು.

ಬಿಗಿ ಮಾಡಿದರೆ ವೇಗ ಬರುವುದಿಲ್ಲ

ತೂಗಾಟ ಒಂದಿಷ್ಟೂ ಇಲ್ಲದಂತೆ ಮಾಡಲು ಬೇಕಾದ ತಡೆ 100 ಎಂದುಕೊಂಡರೆ, ಮನೆಮಂದಿ ಓಡಾಡುವ ಕಾರುಗಳಲ್ಲಿ ಇಡುವುದು 20ರಿಂದ 30. ಸ್ಪೋರ್ಟ್ಸ್ ಕಾರಿಗೆ 30ರಿಂದ 50. ರೇಸ್ ಕಾರಿಗೆ 60–70. ನೂರಕ್ಕೆ ನೂರು ಇಟ್ಟ ಕಾರು ರಸ್ತೆಗೆ ವಿಪರೀತ ಗಡಸು.

ಕೈಗೆ ತಿರುಪು ಸಿಕ್ಕವರು ಮೊದಲು ಮಾಡುವುದು ಬಿಗಿ ಮಾಡುವ ಕೆಲಸ. ಕಾರು ಗಡಸಾಗುತ್ತದೆ, ಸ್ಟಿಯರಿಂಗ್ ತಿರುಗಿಸಿದ ತಕ್ಷಣ ಮೂಗು ತಿರುಗುತ್ತದೆ, ರೇಸ್ ಕಾರಿನ ಅನುಭವ. ನಯವಾದ ರಸ್ತೆಯಲ್ಲಿ ಹತ್ತು ನಿಮಿಷ ಇದು ಚೆನ್ನ. ರಸ್ತೆ ಕೆಟ್ಟಿತೆಂದರೆ ರಿಬೌಂಡ್ ಬಿಗಿ ಹಿಡಿದ ಚಕ್ರ ಕೆಳಗಿಳಿಯುವಷ್ಟರಲ್ಲಿ ಮುಂದಿನ ತಗ್ಗು ಬಂದಿರುತ್ತದೆ. ಒಂದೊಂದು ಪೆಟ್ಟಿಗೂ ಕಾರು ಇಷ್ಟಿಷ್ಟೇ ಕುಗ್ಗುತ್ತಾ ಕೊನೆಗೆ ತಳದ ರಬ್ಬರ್ ತಡೆಗೆ ಕೂತುಬಿಡುತ್ತದೆ. ಅಲ್ಲಿಂದ ಮುಂದೆ ಸಸ್ಪೆನ್ಷನ್ ಎಂಬುದೇ ಇಲ್ಲ. ಬಂಪ್ ಬಿಗಿ ಮಾಡಿದರೆ ಚಕ್ರ ರಸ್ತೆಯಿಂದ ಚಿಮ್ಮುತ್ತದೆ. ಗಾಳಿಯಲ್ಲಿರುವ ಟೈರಿಗೆ ಬ್ರೇಕೂ ಇಲ್ಲ, ತಿರುವೂ ಇಲ್ಲ.

ಬಾನೆಟ್ಟಿನ ಮೂಲೆ ಒತ್ತಿ, ಕಾರು ಎಷ್ಟು ಸಲ ಕುಣಿಯಿತು ಎಂದು ಎಣಿಸುವ ಗ್ಯಾರೇಜಿನ ಪರೀಕ್ಷೆ ಇಲ್ಲಿ ನೆರವಾಗದು. ಕೈಯ ಒತ್ತು ನಿಧಾನದ ಚಲನೆ. ಗುಂಡಿಗೆ ಆ ಡ್ಯಾಂಪರ್ ಏನು ಉತ್ತರ ಕೊಡುತ್ತದೆ ಎಂಬುದು ಅದರಿಂದ ತಿಳಿಯುವುದಿಲ್ಲ. ಅದಕ್ಕೆ ಡೈನೊ ಎಂಬ ಯಂತ್ರವಿದೆ. ಬೇರೆ ಬೇರೆ ವೇಗದಲ್ಲಿ ರಾಡನ್ನು ಎಳೆದು ತಳ್ಳಿ, ಎಷ್ಟು ಬಲದಿಂದ ಎದುರಾಡಿತು ಎಂದು ಗೆರೆ ಎಳೆದು ತೋರಿಸುತ್ತದೆ. ನಾಲ್ಕೂ ಡ್ಯಾಂಪರ್‌ಗಳ ಗೆರೆಗಳನ್ನು ಕಾಗದದಲ್ಲಿ ಕಳಿಸುವ ತಯಾರಕರಿದ್ದಾರೆ, ಕೇಳಿದರೂ ಕೊಡದವರಿದ್ದಾರೆ. ಎಡಬಲದ ಗೆರೆಗಳು ಒಂದರ ಮೇಲೊಂದು ಕೂರಬೇಕು, ಒಂದೊಂದು ಕ್ಲಿಕ್‌ಗೂ ಗೆರೆ ಒಂದೇ ಸಮನೆ ಸರಿಯಬೇಕು. ನನ್ನ ಮಟ್ಟಿಗೆ ಬಣ್ಣಕ್ಕಿಂತ, ತಿರುಪಿನ ಸಂಖ್ಯೆಗಿಂತ, ಹೆಸರಿಗಿಂತ ಈ ಕಾಗದ ಹೆಚ್ಚು.

ತಗ್ಗಿಸುವ ಆಸೆ

ಇಂಥ ಡ್ಯಾಂಪರ್‌ಗಳ ಮೈಮೇಲೆ ಹೆಚ್ಚಾಗಿ ಬೋಲ್ಟಿನಂತೆ ಮರೆ ಸುತ್ತಿರುತ್ತದೆ; ಅದರ ಮೇಲಿನ ಬಳೆ ತಿರುಗಿಸಿ ಕಾರಿನ ಎತ್ತರ ಏರಿಸಬಹುದು, ಇಳಿಸಬಹುದು. ಬಹುತೇಕರು ಇಳಿಸುತ್ತಾರೆ. ನೋಡಲು ಚಂದವೇನೋ ಹೌದು. ಆದರೆ ಇಳಿಸಿದಷ್ಟೂ ಚಕ್ರಕ್ಕೆ ಮೇಲೇರಲು ಜಾಗ ಕಡಿಮೆ. ಸಸ್ಪೆನ್ಷನ್ ತೋಳುಗಳ ಕೋನವೂ ಕೆಡುತ್ತದೆ, ಗುಂಡಿ ಬಂದಾಗ ಸ್ಟಿಯರಿಂಗ್ ತಿರುಗಿಸದೆಯೇ ಚಕ್ರ ತುಸು ತಿರುಗಿಕೊಳ್ಳುತ್ತದೆ. ಪವರ್ ಸ್ಟಿಯರಿಂಗ್ ಇಲ್ಲದ ಎಲೀಸ್‌ನಲ್ಲಿ ಅದು ನೇರವಾಗಿ ಅಂಗೈಗೆ ತಿಳಿಯುತ್ತದೆ. ಬೆಂಗಳೂರಿನ ಬಡಾವಣೆಗಳ ಹಂಪ್‌ಗಳನ್ನು ಕಂಡವರಿಗೆ ಇದರ ಬಗ್ಗೆ ಉಪನ್ಯಾಸ ಬೇಡ.

ಎತ್ತರ ಒಮ್ಮೆ ಮುಟ್ಟಿದ ಮೇಲೆ ನಾಲ್ಕೂ ಚಕ್ರಗಳ ಕೆಳಗೆ ತಕ್ಕಡಿ ಇಟ್ಟು ತೂಕ ಸರಿದೂಗಿಸಬೇಕು, ಓಡಿಸುವವರನ್ನು ಅಥವಾ ಅವರಷ್ಟೇ ತೂಕದ ಮೂಟೆಯನ್ನು ಸೀಟಿನಲ್ಲಿ ಕೂರಿಸಿಯೇ. ಆಮೇಲೆ ವೀಲ್ ಅಲೈನ್‌ಮೆಂಟ್. ಈ ಎರಡಕ್ಕೂ ಆಗುವ ಖರ್ಚನ್ನು ಡ್ಯಾಂಪರ್‌ನ ಬೆಲೆಗೇ ಸೇರಿಸಿ ಲೆಕ್ಕ ಹಾಕಬೇಕು.

ಕ್ಲಿಕ್ಕಿನ ಲೆಕ್ಕ ಬರೆದಿಡಿ

ಹೊಸ ಡ್ಯಾಂಪರ್ ಕೂರಿಸಿದ ಮೇಲೆ ತಯಾರಕರು ಹೇಳಿದ ನಡುವಿನ ಮಟ್ಟದಲ್ಲೇ ಕೆಲವು ವಾರ ಓಡಿಸುವುದು ಜಾಣತನ. ಟೈರಿನ ಗಾಳಿ ಮೊದಲು ನೋಡಬೇಕು. ಗಾಳಿ ಹೆಚ್ಚಾಗಿದ್ದಕ್ಕೆ ಡ್ಯಾಂಪರ್ ಸಡಿಲಿಸುತ್ತಾ ಕೂತವರುಂಟು. ಕ್ಲಿಕ್ ಎಣಿಸುವಾಗ ಪೂರ್ತಿ ಬಿಗಿ ಮಾಡಿ ಅಲ್ಲಿಂದ ಹಿಂದಕ್ಕೆ ಎಣಿಸುವುದು ರೂಢಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಎಡಬಲಕ್ಕೆ ಸಮನಾಗಿ, ಅದೇ ರಸ್ತೆಯಲ್ಲಿ. ಒಂದು ಕ್ಲಿಕ್ಕಿನ ಫರಕು ಗೊತ್ತಾಗದಿದ್ದರೆ ಮೂರು ನಾಲ್ಕು ಸರಿಸಿ ನೋಡಬೇಕು. ತಿರುವಿಗೆ ಹೊಕ್ಕಾಗ ಮೂಗು ಹೊರಗೆ ಜಾರುತ್ತಿದ್ದರೆ ಮುಂದಿನದನ್ನು ಒಂದೆರಡು ಕ್ಲಿಕ್ ಸಡಿಲಿಸುವುದು ಸಾಮಾನ್ಯವಾಗಿ ಮೊದಲ ಮದ್ದು. ಅಲ್ಲಿಂದ ಮುಂದೆ ಕಾರು, ಟೈರು, ರಸ್ತೆ ಒಂದೊಂದಕ್ಕೂ ಬೇರೆ ಉತ್ತರ.

ರಿಪೇರಿ ಯಾರ ಕೈಯಲ್ಲಿ?

ರೇಸ್ ತಳಿಯ ಡ್ಯಾಂಪರ್‌ಗಳು ಹಾಕಿ ಮರೆಯುವ ವಸ್ತುಗಳಲ್ಲ. ಸೀಲ್ ಸವೆಯುತ್ತದೆ, ಆಯಿಲ್ ತನ್ನ ಗುಣ ಕಳೆದುಕೊಳ್ಳುತ್ತದೆ, ಗ್ಯಾಸ್ ಕಡಿಮೆಯಾಗುತ್ತದೆ. ಕೆಲವು ಡ್ಯಾಂಪರ್‌ಗಳ ತುದಿಗೆ ರಬ್ಬರ್ ಬುಷ್ ಬದಲು ಉಕ್ಕಿನ ಗುಂಡು ಬೇರಿಂಗ್ ಇರುತ್ತದೆ. ಹಿಡಿತ ನಿಖರ, ಆದರೆ ಮಳೆನೀರು, ಕೆಸರು, ಬ್ರಿಟನ್ನಿನ ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು ತಾಗಿ ಸಡಿಲವಾಗಿ ಕಟಕಟ ಶುರು. ಕಾಲಕಾಲಕ್ಕೆ ಬಿಚ್ಚಿ, ತೊಳೆದು, ಹೊಸ ಸೀಲ್ ಹಾಕಿ, ಮತ್ತೆ ನೈಟ್ರೋಜನ್ ತುಂಬಿ, ಡೈನೊ ಮೇಲೆ ಪರೀಕ್ಷಿಸಬೇಕು. ನೈಟ್ರಾನ್ ಇಂಗ್ಲೆಂಡಿನದೇ ಕಂಪನಿ ಆದ್ದರಿಂದ ಅಲ್ಲಿನ ಎಲೀಸ್ ಮಾಲೀಕರಿಗೆ ಇದು ಪಾರ್ಸೆಲ್ ಕಳಿಸಿದಷ್ಟು ಸುಲಭ.

ಬ್ರಿಟನ್, ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಎಲೀಸ್‌ಗಿಂತ ಸುಲಭವಾಗಿ ಸೆಕೆಂಡ್ ಹ್ಯಾಂಡ್ ಸಿಗುವುದು ಮಾಜ್ದಾ ಎಂಎಕ್ಸ್-5. 1989ರಿಂದ ಬರುತ್ತಿರುವ, ಒಂದು ಟನ್ ಆಸುಪಾಸಿನ, ಹತ್ತು ಲಕ್ಷಕ್ಕೂ ಮೀರಿ ತಯಾರಾದ ಕಾರು. ಅದರ ಡ್ಯಾಂಪರ್ ಆಯ್ಕೆಗೂ ಮೇಲಿನ ಮಾತುಗಳೆಲ್ಲ ಹೊಂದುತ್ತವೆ, ಜೊತೆಗೆ ಬಿಡಿಭಾಗ ಮತ್ತು ಸರ್ವಿಸ್ ಅಂಗಡಿಗಳ ಆಯ್ಕೆ ದೊಡ್ಡದು. ಯಾವ ಕಾರಾದರೂ ದುಡ್ಡು ಕೊಡುವ ಮುನ್ನ ಮಾರುವವರನ್ನು ಕೇಳಬೇಕಾದದ್ದು ಕೆಲವೇ ಪ್ರಶ್ನೆ: ನನ್ನ ಕಾರಿನ ತೂಕಕ್ಕೆ, ನಾನು ಹಾಕುವ ಸ್ಪ್ರಿಂಗಿಗೆ ಬಿಲ್ಲೆ ಜೋಡಿಸಿ ಕೊಡುತ್ತೀರಾ? ಡೈನೊ ಕಾಗದ ಕೊಡುತ್ತೀರಾ? ಸೀಲ್ ಬಿಡಿಯಾಗಿ ಸಿಗುತ್ತದೆಯೇ, ಯಾರು ಹಾಕುತ್ತಾರೆ, ಎಷ್ಟು ದಿನ ಕಾರು ನಿಲ್ಲಬೇಕು? ಕೊನೆಯ ಪ್ರಶ್ನೆಗೆ ಸರಿಯಾದ ಉತ್ತರ ಬಾರದಿದ್ದರೆ, ಕಾರಿನ ಜೊತೆ ಬಂದ ಮಾದರಿಯ ಡ್ಯಾಂಪರನ್ನೇ ಹೊಸದಾಗಿ ತಂದು ಹಾಕಿಸಿ, ಬುಷ್ ಬದಲಿಸಿ, ಒಳ್ಳೆಯ ಟೈರು ಕೊಳ್ಳಬಹುದು. ಅಷ್ಟಕ್ಕೆ ಮೂರು ತಿರುಪಿನ ಒಂದು ಸೆಟ್‌ನ ಬೆಲೆಯೂ ಆಗುವುದಿಲ್ಲ.